ಪರ್ವತದ ಬುಡ ನೋಡಲು ಕಪ್ಪತಗುಡ್ಡಕ್ಕೆ

ಅರ್ಜೆಂಟೀನಾದ ಮೆಂಡೋಸಾ ನಗರ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಮ್ಮ ಧಾರವಾಡದ್ದೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಎರಡೂ ಊರುಗಳ ಪಶ್ಚಿಮಕ್ಕೆ ಮಳೆಮೋಡ ತಡೆಯುವ ಸಾಲುಗಳಿವೆ. ಅಲ್ಲಿ ಆಂಡೀಸ್, ಇಲ್ಲಿ ಸಹ್ಯಾದ್ರಿ. ಮೆಂಡೋಸಾಕ್ಕೆ ಹೋದ ಪ್ರವಾಸಿಗರು ಒಂದು ದಿನ ಬಿಡುವು ಮಾಡಿಕೊಂಡು ಬೆಳಗಿನ ಬಸ್ ಹಿಡಿಯುತ್ತಾರೆ. ಬಸ್ಸು ಮೆಂಡೋಸಾ ನದಿಯ ಕಣಿವೆ ಹಿಡಿದು, ಉಸ್ಪಲ್ಲಾಟ ಎಂಬ ಸಣ್ಣ ಊರು ದಾಟಿ, ಸುಮಾರು 180 ಕಿಲೋಮೀಟರ್ ಏರಿ ಚಿಲಿ ದೇಶದ ಗಡಿಯ ಹತ್ತಿರ ನಿಲ್ಲುತ್ತದೆ. ಅಲ್ಲಿ ಓರ್ಕೊನೆಸ್ ಎಂಬ ಕಣಿವೆಯ ಬಾಯಲ್ಲಿ ನಿಂತರೆ ಎದುರಿಗೆ ಅಕೊಂಕಾಗುವಾ. ಎತ್ತರ 6,961 ಮೀಟರ್. ಏಷ್ಯಾ ಖಂಡ ಬಿಟ್ಟರೆ ಭೂಮಿಯ ಮೇಲೆ ಇದಕ್ಕಿಂತ ಎತ್ತರದ ಪರ್ವತ ಬೇರೆ ಇಲ್ಲ. ನೋಡುವವರು ನಿಂತ ಜಾಗವೇ ಮೂರು ಸಾವಿರ ಮೀಟರ್ ಸಮೀಪ. ಅಲ್ಲಿಂದಲೂ ಶಿಖರ ಇನ್ನೂ ನಾಲ್ಕು ಕಿಲೋಮೀಟರ್ ಮೇಲಿದೆ. ಕಣ್ತುಂಬ ನೋಡಿ, ಫೋಟೊ ತೆಗೆದುಕೊಂಡು, ರಾತ್ರಿ ಊರಿಗೆ ಮರಳುತ್ತಾರೆ.

ಹುಬ್ಬಳ್ಳಿ-ಧಾರವಾಡದವರು ರಜೆ ಸಿಕ್ಕ ಕೂಡಲೇ ದಾಂಡೇಲಿ, ಗೋಕರ್ಣ ಎಂದು ಪಶ್ಚಿಮಕ್ಕೇ ಮುಖ ಮಾಡುತ್ತೇವೆ. ಒಂದು ಸಲ ಪೂರ್ವಕ್ಕೆ ಹೋಗಿ ಎಂಬುದು ನನ್ನ ಆಗ್ರಹ. ಅಣ್ಣಿಗೇರಿ, ಗದಗ ದಾಟಿ ಡೋಣಿ ಊರಿನ ಕಡೆ ಹೊರಳಿದರೆ ಕಪ್ಪತಗುಡ್ಡ ಸಿಗುತ್ತದೆ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿನೊಳಗೇ. ಎತ್ತರ ಕೇಳಿದರೆ ನಿರಾಸೆಯಾದೀತು: ಸಮುದ್ರ ಮಟ್ಟದಿಂದ ಸಾವಿರ ಮೀಟರನ್ನೂ ಮುಟ್ಟುವುದಿಲ್ಲ, ಸುತ್ತಲಿನ ಎರೆಹೊಲಗಳಿಂದ ಎದ್ದದ್ದು ಮುನ್ನೂರು ಮೀಟರ್ ಆಸುಪಾಸು. ಆದರೆ ಆಂಡೀಸ್ ನೋಡಲು ಹೋದವರಿಗೆ ಕಾಣದ ಒಂದು ಸಂಗತಿ ಈ ಕುಳ್ಳ ಗುಡ್ಡದಲ್ಲಿ ಬಯಲಾಗಿ ಬಿದ್ದಿದೆ. ಅಂಥ ಪರ್ವತವೊಂದರ ಒಡಲಲ್ಲಿ, ಕಿಲೋಮೀಟರುಗಟ್ಟಲೆ ಆಳದಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಕೈಯಿಂದ ಮುಟ್ಟಬಹುದು.

ಮೊದಲು ಅಕೊಂಕಾಗುವಾ ಹೇಗೆ ಎದ್ದಿತು ಎಂಬುದನ್ನು ನೋಡೋಣ. ಪೆಸಿಫಿಕ್ ಸಾಗರದ ತಳದಲ್ಲಿ ನಾಜ್ಕಾ ಎಂಬ ಭೂಫಲಕವಿದೆ. ಅದು ವರ್ಷಕ್ಕೆ ಸುಮಾರು ಏಳು ಸೆಂಟಿಮೀಟರ್ ವೇಗದಲ್ಲಿ ದಕ್ಷಿಣ ಅಮೆರಿಕದತ್ತ ಸರಿದು, ಆ ಖಂಡದ ಅಡಿಗೆ ನುಗ್ಗುತ್ತಿದೆ. ಹತ್ತು ಲಕ್ಷ ವರ್ಷಕ್ಕೆ ಎಪ್ಪತ್ತು ಕಿಲೋಮೀಟರ್ ಸಾಗರತಳ ಖಂಡದ ಕೆಳಗೆ ಹೋದಂತಾಯಿತು. ಹಿಮಾಲಯದ ಕಥೆ ಬೇರೆ. ಅಲ್ಲಿ ಭಾರತ ಮತ್ತು ಏಷ್ಯಾ ಎಂಬ ಎರಡು ಭೂಖಂಡಗಳೇ ಮುಖಾಮುಖಿ ಒತ್ತಿಕೊಂಡಿವೆ. ಆಂಡೀಸಿನಲ್ಲಿ ಖಂಡದ ಅಡಿಗೆ ಹೋಗುತ್ತಿರುವುದು ಸಾಗರತಳ. ಸಾಗರತಳ ಒಣಗಿದ ಕಲ್ಲಲ್ಲ. ಕೋಟ್ಯಂತರ ವರ್ಷ ಸಮುದ್ರದ ಕೆಳಗಿದ್ದ ಲಾವಾಕಲ್ಲಿನ ಬಿರುಕುಗಳಲ್ಲಿ ನೀರು ಇಳಿದು, ಕಲ್ಲಿನ ಖನಿಜಗಳೊಂದಿಗೆ ಬೆರೆತು, ಹರಳುಗಳ ಒಳಗೇ ಸೇರಿಕೊಂಡಿರುತ್ತದೆ. ಆ ಕಲ್ಲು ಸುಮಾರು ನೂರು ಕಿಲೋಮೀಟರ್ ಆಳಕ್ಕೆ ಇಳಿದಾಗ ಒತ್ತಡ, ತಾಪಗಳಿಗೆ ನೀರನ್ನು ಬಿಟ್ಟುಕೊಡುತ್ತದೆ. ಬಿಡುಗಡೆಯಾದ ನೀರು ಮೇಲಿನ, ಭೂಚಿಪ್ಪಿನ ಅಡಿಗಿರುವ ಮ್ಯಾಂಟಲ್ ಎಂಬ ಬಿಸಿ ಕಲ್ಲಿನ ಪದರವನ್ನು ಹೊಕ್ಕರೆ ಅದರ ಕರಗುವ ಬಿಂದು ಇಳಿಯುತ್ತದೆ. ಬಿಸಿ ಹೆಚ್ಚಾಗದಿದ್ದರೂ ಕಲ್ಲು ಕರಗತೊಡಗುತ್ತದೆ. ಹಾಗೆ ಕರಗಿದ ಶಿಲಾರಸವೇ ಆಂಡೀಸಿನ ಜ್ವಾಲಾಮುಖಿಗಳನ್ನು ಹೊತ್ತಿಸಿದ್ದು. ಬೆಂಕಿ ಪರ್ವತಗಳ ಮೂಲದಲ್ಲಿ ನೀರಿದೆ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಅಣ್ಣಿಗೇರಿಯಲ್ಲಿ ಬೇಕಾಗುತ್ತದೆ.

ಅಕೊಂಕಾಗುವಾ ಈಗ ಜ್ವಾಲಾಮುಖಿಯಲ್ಲ. ಅದರ ಬಹುಪಾಲು ಕಲ್ಲು ಸುಮಾರು ಒಂದೂವರೆ ಕೋಟಿ ವರ್ಷದಿಂದ 90 ಲಕ್ಷ ವರ್ಷದ ಹಿಂದಿನವರೆಗೆ ಉಗುಳಿದ ಲಾವಾ ಮತ್ತು ಬೂದಿ. ಆಮೇಲೆ ಆ ಭಾಗದಲ್ಲಿ ನಾಜ್ಕಾ ಫಲಕ ಕಡಿದಾಗಿ ಇಳಿಯುವುದನ್ನು ಬಿಟ್ಟು ಖಂಡದ ಅಡಿಯಲ್ಲೇ ಚಪ್ಪಟೆಯಾಗಿ ಸರಿಯತೊಡಗಿತು. ಕರಗಬೇಕಾದ ಬಿಸಿ ಮ್ಯಾಂಟಲಿಗೆ ಜಾಗವೇ ಉಳಿಯಲಿಲ್ಲ, ಜ್ವಾಲಾಮುಖಿ ಆರಿತು. ಒತ್ತುವುದು ಮಾತ್ರ ನಿಲ್ಲಲಿಲ್ಲ. ಹಳೆಯ ಲಾವಾ ಪದರಗಳು ಒಂದರ ಮೇಲೊಂದು ಏರಿ ಇಷ್ಟು ಎತ್ತರಕ್ಕೆ ಬಂದವು, ಇನ್ನೂ ಏರುತ್ತಿವೆ. 1861ರಲ್ಲಿ ಮೆಂಡೋಸಾ ನಗರ ಭೂಕಂಪದಲ್ಲಿ ನೆಲಸಮವಾಯಿತು. ಪರ್ವತ ಬೆಳೆಯುವ ಊರಿನ ಜನ ಅದರ ಬೆಲೆಯನ್ನೂ ತೆರುತ್ತಾರೆ.

1835ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಆಂಡೀಸ್ ದಾಟಿ, ಇದೇ ದಾರಿಯಲ್ಲಿ ಮರಳಿದ. ಅದಕ್ಕೆ ಒಂದೇ ತಿಂಗಳ ಹಿಂದೆ ಚಿಲಿಯ ಕಡಲತಡಿಯ ಭೂಕಂಪವನ್ನು ಸ್ವತಃ ಅನುಭವಿಸಿದ್ದ. ಸಮುದ್ರದಂಚಿನ ಕಪ್ಪೆಚಿಪ್ಪುಗಳು ನೀರಿನಿಂದ ಮೇಲೆದ್ದು ಒಣಗಿದ್ದನ್ನು ನೋಡಿದ್ದ. ಉಸ್ಪಲ್ಲಾಟದ ಹತ್ತಿರ, ಎರಡು ಸಾವಿರ ಮೀಟರಿಗೂ ಮೇಲೆ, ಕಲ್ಲಾಗಿ ನಿಂತ ಮರಗಳ ಬೊಡ್ಡೆಗಳು ಅವನಿಗೆ ಕಂಡವು. ಮರ ಬೆಳೆದ ನೆಲ ಒಮ್ಮೆ ನೀರಿನ ಕೆಳಗೆ ಮುಳುಗಿ, ಹೂಳಿನಲ್ಲಿ ಹುಗಿದು, ಮತ್ತೆ ಮೇಲೆದ್ದಿರಬೇಕೆಂದು ಅವನು ತರ್ಕಿಸಿದ. ಭೂಫಲಕಗಳ ವಿಚಾರ ಜಗತ್ತಿಗೆ ತಿಳಿಯಲು ಇನ್ನೂ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಆದರೂ ಪರ್ವತ ಸ್ಥಿರವಲ್ಲ, ಅದಕ್ಕೂ ಏಳುಬೀಳು ಉಂಟು ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಯಿತು.

ಇನ್ನು ನಮ್ಮ ದಾರಿ. ಹುಬ್ಬಳ್ಳಿ ಬಿಟ್ಟ ಮೇಲೆ ಅಣ್ಣಿಗೇರಿಯವರೆಗೂ ಎರಡೂ ಬದಿ ಎರೆಭೂಮಿ. ಮುಂಗಾರಿಗೆ ಹೆಸರು, ಹತ್ತಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಕಣ್ಣಿಗೆ ಒಂದು ಕಲ್ಲೂ ಬೀಳುವುದಿಲ್ಲ. ಕಲ್ಲೆಲ್ಲ ಈ ಕಪ್ಪು ಮಣ್ಣಿನ ಕೆಳಗಿದೆ. ಹಾಗಾಗಿ ಈ ನೆಲದ ಶಿಲೆಯನ್ನು ಮೊದಲು ನೋಡಲು ದೇವಾಲಯಕ್ಕೇ ಹೋಗಬೇಕು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಹನ್ನೊಂದನೆಯ ಶತಮಾನದ ನಡುವಿನದು. ಅದಕ್ಕೂ ಹಿಂದಿನ ಬಾದಾಮಿ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯ ಶಿಲ್ಪಿಗಳು ಕೆಂಪು ಮರಳುಗಲ್ಲು ಬಳಸುತ್ತಿದ್ದರು. ಮರಳುಗಲ್ಲು ಬಿಟ್ಟು ನೀಲಿಹಸಿರು ಛಾಯೆಯ ಬಳಪದ ಕಲ್ಲಿಗೆ ತಿರುಗಿದ ಮೊದಲ ದೇವಾಲಯ ಅಣ್ಣಿಗೇರಿಯದೆಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಲಕ್ಕುಂಡಿ, ಗದಗ, ಡಂಬಳಗಳ ಗುಡಿಗಳು ಆ ದಾರಿಯಲ್ಲೇ ಮುಂದುವರಿದವು. ಕಲ್ಲು ಬದಲಾದದ್ದರಿಂದ ಶಿಲ್ಪದ ಗಾತ್ರ ಚಿಕ್ಕದಾಯಿತು, ಕುಸುರಿ ಹೆಚ್ಚಿತು, ಕಂಬಗಳು ಚರಕಿಯ ಮೇಲೆ ತಿರುವಿದಷ್ಟು ನುಣುಪಾದವು.

ಆ ಕಂಬವನ್ನು ಹತ್ತಿರದಿಂದ ನೋಡಿ. ಭಕ್ತರ ಕೈ ತಾಗಿ ತಾಗಿ ಕಪ್ಪಗೆ ಮಿರುಗುವ ಭಾಗ ಬಿಟ್ಟು, ಎಲ್ಲಾದರೂ ಒಡೆದ ಅಂಚು ಸಿಕ್ಕರೆ ಅಲ್ಲಿ ಕಲ್ಲಿನ ನಿಜ ಬಣ್ಣ ಕಾಣುತ್ತದೆ: ಬೂದಿಮಿಶ್ರಿತ ಹಸಿರು. ಬೆರಳು ಆಡಿಸಿದರೆ ಸಾಬೂನಿನ ಜಾರುತನ. ತೆಳುವಾದ ಹಾಳೆಹಾಳೆಯಾಗಿ ಮಿನುಗುವ ಹರಳುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಈ ಹಸಿರು ಕ್ಲೋರೈಟ್ ಎಂಬ ಖನಿಜದ್ದು. ಕ್ಲೋರೈಟ್‌ನ ತೂಕದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ನೀರು. ಒದ್ದೆಯ ನೀರಲ್ಲ, ಹರಳಿನ ಚೌಕಟ್ಟಿನೊಳಗೆ ಕಟ್ಟುಬಿದ್ದ ನೀರು. ಲಾವಾಕಲ್ಲು ನೀರು ಹೀರಿಕೊಂಡು, ಆಮೇಲೆ ನೆಲದಾಳದಲ್ಲಿ ಒತ್ತಡಕ್ಕೆ, ಮಧ್ಯಮ ಬಿಸಿಗೆ ಸಿಕ್ಕಾಗ ಹುಟ್ಟುವ ಖನಿಜ ಅದು. ಅಂದರೆ ಆಂಡೀಸಿನ ಅಡಿಗೆ ಇಳಿಯುತ್ತಿರುವ ಸಾಗರತಳ ಇಳಿಯುವ ಹಾದಿಯಲ್ಲಿ ಎಂಥ ಕಲ್ಲಾಗುತ್ತದೋ, ಅದರ ಹತ್ತಿರದ ಬಂಧು ಇಲ್ಲಿ ಕಂಬವಾಗಿ ನಿಂತಿದೆ. ಇಂಥ ಕಲ್ಲು ಇನ್ನೂ ಆಳಕ್ಕೆ ಹೋದರೆ ತನ್ನೊಳಗಿನ ನೀರನ್ನು ಬಿಡುತ್ತದೆ, ಆ ನೀರು ಜ್ವಾಲಾಮುಖಿಗೆ ಮೂಲವಾಗುತ್ತದೆ. ನಮ್ಮದು ಅಷ್ಟು ಆಳಕ್ಕೆ ಇಳಿಯದೆ ಉಳಿಯಿತು. ಶಿಲ್ಪಿಗೆ ಬೇಕಾದ ಮೃದುತ್ವವನ್ನು ಕೊಟ್ಟದ್ದು ಆ ಬಿಡದ ನೀರೇ. ಭೂವಿಜ್ಞಾನದ ಸಂಗತಿಯೊಂದು ಕನ್ನಡನಾಡಿನ ಶಿಲ್ಪಕಲೆಯ ದಿಕ್ಕನ್ನೇ ತಿರುಗಿಸಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಶಾಲೆಯ ಇತಿಹಾಸ ಪಾಠದಲ್ಲೂ ವಿಜ್ಞಾನ ಪಾಠದಲ್ಲೂ ಇದು ಬರಬೇಕು.

ಗದಗ ದಾಟಿ ಡೋಣಿಯ ಹಾದಿ ಹಿಡಿದ ಮೇಲೆ ಗಾಳಿಯಂತ್ರಗಳ ಸಾಲು ಕಾಣುತ್ತದೆ, ಅವುಗಳ ಕೆಳಗೆ ಗುಡ್ಡ. ಈ ಸಾಲು ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ತುಂಗಭದ್ರೆಯ ದಿಕ್ಕಿಗೆ ಚಾಚಿಕೊಂಡಿದೆ. 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ಇದನ್ನು ‘ಡಂಬಳದ ಗುಡ್ಡಗಳು’ ಎಂದು ಕರೆದು, ಇಲ್ಲಿಯ ಚಿನ್ನದ ಶಿಲೆಗಳ ಕುರಿತು ಬರೆದ. ಚೆನ್ನೈ ಹತ್ತಿರದ ಪಲ್ಲಾವರದಲ್ಲಿ 1863ರಲ್ಲಿ ಹಳೆಶಿಲಾಯುಗದ ಕೈಗೊಡಲಿ ಕಂಡುಹಿಡಿದವನೂ ಇವನೇ. ದಕ್ಷಿಣ ಭಾರತದಲ್ಲಿ ಮೂವತ್ತು ವರ್ಷಕ್ಕೂ ಮೀರಿ ಓಡಾಡಿದ ಫುಟ್ 1880ರ ದಶಕದಲ್ಲಿ ಒಂದು ಮುಖ್ಯ ತೀರ್ಮಾನಕ್ಕೆ ಬಂದ: ಗ್ರಾನೈಟ್ ಮತ್ತು ನೈಸ್ ಬಂಡೆಗಳ ನಡುವೆ ಉದ್ದುದ್ದ ಪಟ್ಟಿಗಳಾಗಿ ಹಬ್ಬಿರುವ ಹಸಿರು ಶಿಲೆಗಳು ಪ್ರತ್ಯೇಕ ವರ್ಗಕ್ಕೆ ಸೇರಿದವು, ದಕ್ಷಿಣದ ಚಿನ್ನವೆಲ್ಲ ಹೆಚ್ಚಾಗಿ ಇರುವುದು ಇವುಗಳಲ್ಲೇ. ಆ ವರ್ಗಕ್ಕೆ ಅವನು ಧಾರವಾಡದ ಹೆಸರು ಕೊಟ್ಟ. ಇಂದು ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಅತಿ ಹಳೆಯ ಭೂಖಂಡಗಳ ಅಧ್ಯಯನ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ‘ಧಾರವಾಡ ಕ್ರೇಟಾನ್’ ಎಂಬ ಹೆಸರು ಬಲ್ಲ. ಕ್ರೇಟಾನ್ ಎಂದರೆ ಕೋಟ್ಯಂತರ ವರ್ಷಗಳಿಂದ ಅಲುಗದೆ ಉಳಿದ ಖಂಡದ ಗಟ್ಟಿ ಭಾಗ. ಧಾರವಾಡವನ್ನು ಪೇಡೆಗೆ, ಸಂಗೀತಕ್ಕೆ, ಸಾಹಿತ್ಯಕ್ಕೆ ನೆನೆಯುವ ನಮಗೆ ಈ ಕೀರ್ತಿಯ ನೆನಪು ಕಡಿಮೆ.

ಗುಡ್ಡ ಏರುವಾಗ ಮೂರು ಬಗೆಯ ಕಲ್ಲು ಕಾಣುತ್ತವೆ. ಕೆಳಗೆಲ್ಲ ಹಸಿರು ಶಿಲೆ. ಇದು ಒಂದು ಕಾಲದಲ್ಲಿ ಸಮುದ್ರದ ಅಡಿಯಲ್ಲಿ ಉಕ್ಕಿದ ಲಾವಾ. ಲಾವಾ ನೀರಿನಲ್ಲಿ ಉಕ್ಕಿದರೆ ಅದರ ಹೊರಮೈ ತಕ್ಷಣ ಗಟ್ಟಿಯಾಗಿ ಉಬ್ಬುಬ್ಬಾದ ಗುಂಡುಗಳಾಗುತ್ತದೆ. ದಿಂಬು ಲಾವಾ ಎಂದು ಅದಕ್ಕೆ ಹೆಸರು. ಗದಗದ ಪಟ್ಟಿ ಚಿತ್ರದುರ್ಗದ ಶಿಲಾಪಟ್ಟಿಯ ಉತ್ತರದ ತುದಿ. ಅದೇ ಪಟ್ಟಿಯಲ್ಲಿ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬು ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಎರಡನೆಯದು ಗ್ರೇವ್ಯಾಕ್ ಎಂಬ ಮಾಸಲು ಬೂದುಬಣ್ಣದ ಕಲ್ಲು. ಜ್ವಾಲಾಮುಖಿಗಳ ಇಳಿಜಾರಿನಿಂದ ಕೊಚ್ಚಿ ಬಂದ ಕೆಸರು, ಮರಳು ಆಳ ಸಮುದ್ರದಲ್ಲಿ ರಭಸದಿಂದ ಜರಿದು ಬಿದ್ದು ಪದರ ಕಟ್ಟಿದ್ದು. ಲಾವಾ, ಅದರ ಪಕ್ಕಕ್ಕೇ ಸಮುದ್ರದಲ್ಲಿ ಜರಿದ ಕೆಸರು: ಇವೆರಡೂ ಒಟ್ಟಿಗೆ ಸಿಕ್ಕಿದರೆ ಭೂವಿಜ್ಞಾನಿ ಕೂಡಲೇ ನೆನೆಯುವುದು ಇವತ್ತಿನ ಆಂಡೀಸ್ ತೀರವನ್ನೋ ಜಪಾನಿನಂಥ ಜ್ವಾಲಾಮುಖಿ ದ್ವೀಪಸಾಲನ್ನೋ. ಕಾಲ ಮಾತ್ರ ಬೇರೆ. ಅಕೊಂಕಾಗುವಾದ ಲಾವಾ ಒಂದೂವರೆ ಕೋಟಿ ವರ್ಷದೊಳಗಿನದು, ಇಲ್ಲಿಯದು ಸುಮಾರು 270 ಕೋಟಿ ವರ್ಷ ಹಿಂದಿನದು.

ಮೂರನೆಯ ಕಲ್ಲು ಗುಡ್ಡದ ನೆತ್ತಿಯಲ್ಲಿದೆ. ಒಂದು ತುಂಡು ಒಡೆದು ಬಿದ್ದ ಕಡೆ ನೋಡಿದರೆ ಕೆಂಪು, ಕಪ್ಪು, ಬೂದು ಗೀರುಗಳು ಒಂದರ ಮೇಲೊಂದು, ಕೆಲವು ಬೆರಳಿನಷ್ಟು ದಪ್ಪ, ಕೆಲವು ಕಾಗದದಷ್ಟು ತೆಳು. ಕೆಲವೆಡೆ ಆ ಗೀರುಗಳು ಮಡಿಕೆಬಿದ್ದು ಅಂಕುಡೊಂಕಾಗಿವೆ. ಕೈಯಲ್ಲಿ ಎತ್ತಿದರೆ ನಿರೀಕ್ಷೆಗಿಂತ ಭಾರ. ಇದು ಪಟ್ಟೆ ಕಬ್ಬಿಣದ ಕಲ್ಲು. ಕಬ್ಬಿಣದ ಆಕ್ಸೈಡು, ಸಿಲಿಕಾ ಸರದಿಯ ಮೇಲೆ ಕೂತದ್ದು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ತುಕ್ಕು ಹಿಡಿಯದೆ ಸಮುದ್ರದ ನೀರಿನಲ್ಲಿ ಕರಗಿಯೇ ಇತ್ತು. ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಅದು ಆಕ್ಸೈಡಾಗಿ ತಳಕ್ಕೆ ಇಳಿಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮನುಷ್ಯ, ಮೀನು, ಹುಲ್ಲು ಯಾವುದೂ ಇಲ್ಲದ ಕಾಲದ ಜೀವಿಗಳ ಕೆಲಸದ ದಾಖಲೆಯನ್ನು ಕಾಲಡಿಯಲ್ಲಿ ತುಳಿಯುತ್ತ ಗಾಳಿಗುಂಡಿ ಬಸವಣ್ಣನ ಗುಡಿಯ ಕಡೆ ಹತ್ತುತ್ತೇವೆ.

ಕಪ್ಪತಗುಡ್ಡ ಗುಡ್ಡವಾಗಿ ಉಳಿದದ್ದಕ್ಕೆ ಕಾರಣವೂ ಈ ಪಟ್ಟೆ ಕಲ್ಲೇ. ಅಕೊಂಕಾಗುವಾ ಎತ್ತರವಾಗಿರುವುದು ಅದು ಏರುತ್ತಿರುವುದರಿಂದ. ಕಪ್ಪತಗುಡ್ಡ ಈಗ ಹಾಗೆ ಏರುತ್ತಿಲ್ಲ. ಸುತ್ತಲಿನ ಮೆತ್ತನೆಯ ಶಿಲೆಗಳು ಮಳೆಗೆ, ಬಿಸಿಲಿಗೆ ಕರಗಿ ಮಣ್ಣಾಗಿ ಹೋದವು. ಸಿಲಿಕಾ ತುಂಬಿದ ಗಟ್ಟಿ ಪಟ್ಟೆಗಳು ಸವೆಯದೆ ನಿಂತವು. ಸಂಡೂರಿನ ಗುಡ್ಡಗಳ ಏಣುಗಳೂ ಹೀಗೇ ಉಳಿದವು.

ಹಾಗಾದರೆ ಇಲ್ಲಿ ಒಮ್ಮೆ ಎತ್ತರದ ಪರ್ವತವಿತ್ತು ಎಂದು ಹೇಗೆ ಹೇಳುವುದು? ಕಲ್ಲೇ ಹೇಳುತ್ತದೆ. ಕ್ಲೋರೈಟ್ ಮತ್ತು ಅದರ ಜೊತೆಗಾರ ಖನಿಜಗಳು ಯಾವ ತಾಪದಲ್ಲಿ, ಎಷ್ಟು ಒತ್ತಡದಲ್ಲಿ ಹುಟ್ಟುತ್ತವೆಂದು ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದ್ದಾರೆ. ಗದಗದ ಕಲ್ಲುಗಳಲ್ಲಿರುವ ಖನಿಜಗಳ ಪ್ರಕಾರ ಅವು ಹತ್ತು ಕಿಲೋಮೀಟರ್ ಆಸುಪಾಸಿನ ಆಳದಲ್ಲಿ ಬೆಂದವು. ದಕ್ಷಿಣಕ್ಕೆ ಹೋದಂತೆ ಈ ಆಳ ಹೆಚ್ಚುತ್ತದೆ. ಕನಕಪುರದ ಸೀಮೆಯ ಕಬ್ಬಾಳದುರ್ಗ, ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಗಳ ಕಲ್ಲು ಇದಕ್ಕಿಂತ ಬಹಳ ಆಳದಲ್ಲಿ ಇದ್ದಂಥದ್ದು. ಕರ್ನಾಟಕದ ಭೂಚಿಪ್ಪು ಉತ್ತರಕ್ಕೆ ವಾಲಿದಂತೆ ಓರೆಯಾಗಿ ಸವೆದಿದೆ; ಗದಗದಿಂದ ಚಾಮರಾಜನಗರದವರೆಗೆ ರಸ್ತೆಯಲ್ಲಿ ಹೋಗುವುದೆಂದರೆ ಒಂದೇ ಭೂಚಿಪ್ಪಿನೊಳಗೆ ಕೆಳಕೆಳಗೆ ಇಳಿದಂತೆ. ಇಷ್ಟು ಸುಲಭವಾಗಿ ಖಂಡದ ಒಡಲಿಗೆ ಇಳಿಯುವ ದಾರಿ ಜಗತ್ತಿನಲ್ಲಿ ಹೆಚ್ಚು ಕಡೆ ಇಲ್ಲ.

ಮೇಲಿದ್ದ ಹತ್ತು ಕಿಲೋಮೀಟರ್ ಕಲ್ಲು ಎಲ್ಲಿ ಹೋಯಿತು? ಸವೆದು ನದಿಗಳ ಪಾಲಾಯಿತು. ಲೆಕ್ಕ ಹಾಕಿ ನೋಡಿ: ಹತ್ತು ಸಾವಿರ ವರ್ಷಕ್ಕೆ ಹತ್ತೇ ಸೆಂಟಿಮೀಟರ್ ಸವೆದರೂ ಹತ್ತು ಕಿಲೋಮೀಟರ್ ಸವೆಯಲು ನೂರು ಕೋಟಿ ವರ್ಷ ಸಾಕು. ಕಪ್ಪತಗುಡ್ಡಕ್ಕೆ ಅದರ ಎರಡೂವರೆ ಪಟ್ಟು ಕಾಲ ಸಿಕ್ಕಿತ್ತು. ಹಾಗೆಂದು ಇಲ್ಲಿ ಹತ್ತು ಕಿಲೋಮೀಟರ್ ಎತ್ತರದ ಶಿಖರ ನಿಂತಿತ್ತೆಂದು ತಿಳಿಯಬಾರದು. ಸವೆದಂತೆಲ್ಲ ತಳ ಮೇಲೇಳುತ್ತದೆ. ತುಂಗಭದ್ರೆಯಲ್ಲಿ ಹರಿಗೋಲಿನಿಂದ ಜನ ಒಬ್ಬೊಬ್ಬರೇ ಇಳಿದಂತೆ ಹರಿಗೋಲು ನೀರಿನಿಂದ ಮೇಲೆ ಬರುತ್ತದಲ್ಲ, ಹಾಗೆ. ಭೂಚಿಪ್ಪು ತನಗಿಂತ ಸಾಂದ್ರವಾದ ಮ್ಯಾಂಟಲಿನ ಮೇಲೆ ತೇಲುವ ವಸ್ತು. ಪರ್ವತಕ್ಕೆ ಕೆಳಗೆ ದಪ್ಪನೆಯ ಬುಡವಿರುತ್ತದೆ. ಆಂಡೀಸಿನ ಅತಿ ಅಗಲದ ಭಾಗದಲ್ಲಿ ಭೂಚಿಪ್ಪಿನ ದಪ್ಪ 60–70 ಕಿಲೋಮೀಟರ್. ಮೇಲಿನಿಂದ ಒಂದು ಕಿಲೋಮೀಟರ್ ಸವೆದರೆ ಆ ಬುಡ ಹೆಚ್ಚುಕಡಿಮೆ ಅಷ್ಟನ್ನೂ ಮೇಲೆ ತಳ್ಳುತ್ತದೆ. ಹೀಗಾಗಿಯೇ ಪರ್ವತ ಸಾಯಲು ಅಷ್ಟು ಕಾಲ ಬೇಕು, ಹೀಗಾಗಿಯೇ ಅದರ ಆಳದ ಕಲ್ಲು ಕೊನೆಗೆ ನಮ್ಮ ಕಾಲಡಿಗೆ ಬರುತ್ತದೆ.

ಪರ್ವತಕ್ಕೆ ಬುಡವಿದೆ ಎಂಬ ಈ ಅರಿವು ಹುಟ್ಟಿದ್ದೂ ಆಂಡೀಸ್ ಮತ್ತು ಭಾರತದ ನಡುವೆ. ಫ್ರಾನ್ಸಿನ ಪಿಯೇರ್ ಬೂಗೆ 1738ರಲ್ಲಿ ಈಗಿನ ಈಕ್ವೆಡಾರಿನ ಚಿಂಬೊರಾಸೊ ಪರ್ವತದ ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟು ನೋಡಿದ. ಅಷ್ಟು ದೊಡ್ಡ ಪರ್ವತದ ಗುರುತ್ವಕ್ಕೆ ಗುಂಡು ಪಕ್ಕಕ್ಕೆ ವಾಲಬೇಕಿತ್ತು; ವಾಲಿತು, ಆದರೆ ಲೆಕ್ಕಕ್ಕಿಂತ ತೀರ ಕಡಿಮೆ. ನೂರು ವರ್ಷದ ಮೇಲೆ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆಯಲ್ಲಿ ಅದೇ ಒಗಟು ಎದುರಾಯಿತು. ಗಂಗಾ ಬಯಲಿನ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರಗಳ ನಡುವಿನ ಅಂತರವನ್ನು ನೆಲದ ಮೇಲೆ ಅಳೆದದ್ದಕ್ಕೂ ನಕ್ಷತ್ರ ನೋಡಿ ಅಳೆದದ್ದಕ್ಕೂ 5.2 ಸೆಕೆಂಡುಗಳಷ್ಟು ಕೋನದ ವ್ಯತ್ಯಾಸ ಬಂತು. ಕೋಲ್ಕತ್ತದಲ್ಲಿದ್ದ ಪಾದ್ರಿ ಜಾನ್ ಹೆನ್ರಿ ಪ್ರ್ಯಾಟ್ ಹಿಮಾಲಯದ ಸೆಳೆತವನ್ನು ಲೆಕ್ಕ ಹಾಕಿದ ಪ್ರಕಾರ ವ್ಯತ್ಯಾಸ 15.9 ಸೆಕೆಂಡು ಇರಬೇಕಿತ್ತು. 1855ರಲ್ಲಿ ಜಾರ್ಜ್ ಏರಿ ಕೊಟ್ಟ ಉತ್ತರ: ಪರ್ವತದ ಕೆಳಗೆ ಹಗುರ ಕಲ್ಲಿನ ಬುಡ ಆಳಕ್ಕೆ ಇಳಿದಿದೆ, ಅದಕ್ಕೇ ಸೆಳೆತ ಕಡಿಮೆ. ನೋಡದೆಯೇ, ತೂಗುಗುಂಡಿನಿಂದ, ಮನುಷ್ಯ ನೆಲದ ಐವತ್ತು ಕಿಲೋಮೀಟರ್ ಒಳಗನ್ನು ಅರಿತದ್ದು ಹೀಗೆ.

ಈಗ ಅದಕ್ಕೆ ಭೂಕಂಪದ ಅಲೆಗಳಿವೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅಳತೆಗಳ ಪ್ರಕಾರ ಪೂರ್ವ ಕರ್ನಾಟಕದ ಅಡಿಯಲ್ಲಿ ಭೂಚಿಪ್ಪಿನ ದಪ್ಪ 35 ಕಿಲೋಮೀಟರ್ ಆಸುಪಾಸು, ಪಶ್ಚಿಮದಲ್ಲಿ 40ರಿಂದ 50. ಚಿತ್ರದುರ್ಗ-ಗದಗ ಶಿಲಾಪಟ್ಟಿಯ ಪೂರ್ವದ ಅಂಚೇ ಈ ಎರಡರ ಗಡಿ. ಕಪ್ಪತಗುಡ್ಡದ ನೆತ್ತಿಯಿಂದ ಪೂರ್ವಕ್ಕೆ, ಕೊಪ್ಪಳ, ಹಂಪಿಯ ದಿಕ್ಕಿಗೆ ನೋಡುವವರು ಒಂದು ಭೂಖಂಡದ ಅಂಚಿನಲ್ಲಿ ನಿಂತು ಇನ್ನೊಂದರತ್ತ ನೋಡುತ್ತಿದ್ದಾರೆ ಎಂದರೂ ನಡೆದೀತು.

ಇಲ್ಲೊಂದು ಜೀವಂತ ವಾದವೂ ಇದೆ. 2000ದಲ್ಲಿ ಬ್ರಯನ್ ಚ್ಯಾಡ್‌ವಿಕ್, ವಿ.ಎನ್. ವಾಸುದೇವ್, ಜಿ.ವಿ. ಹೆಗಡೆ ಒಟ್ಟಾಗಿ ಬರೆದ ಪ್ರಬಂಧವೊಂದು ಧಾರವಾಡ ಕ್ರೇಟಾನನ್ನು ಫಲಕಗಳ ಓರೆ ಒತ್ತುವಿಕೆಯಿಂದ ಕೂಡಿಕೊಂಡ ಭೂಭಾಗವೆಂದು ವಿವರಿಸಿತು. ಅವರ ಪ್ರಕಾರ ಪೂರ್ವದ ಗ್ರಾನೈಟ್ ರಾಶಿ, ಹಂಪಿಯ ಬಂಡೆಗಳೂ ಸೇರಿದಂತೆ, ಹಳೆಯ ಜ್ವಾಲಾಮುಖಿ ಸಾಲೊಂದರ ಕೆಳಗೆ ಹೆಪ್ಪುಗಟ್ಟಿದ ಶಿಲಾರಸ. ಇವತ್ತು ಆಂಡೀಸಿನ ಅಡಿಯಲ್ಲಿ ಕೂಡುತ್ತಿರುವಂಥದ್ದು. ಇನ್ನು ಕೆಲವು ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಆಗ ಭೂಮಿಯ ಒಡಲು ಈಗಿಗಿಂತ ಹೆಚ್ಚು ಬಿಸಿಯಾಗಿತ್ತು, ಆಳದಿಂದ ನೇರವಾಗಿ ಉಕ್ಕಿದ ಬಿಸಿಯ ಬುಗ್ಗೆಯೇ ಇಷ್ಟು ಶಿಲಾರಸಕ್ಕೆ ಕಾರಣವಿರಬಹುದು ಎಂಬುದು ಅವರ ವಾದ. ಎರಡೂ ನಡೆದಿರಬಹುದು ಎನ್ನುವವರೂ ಉಂಟು. ನನ್ನ ಮಟ್ಟಿಗೆ, ಗದಗದ ಹಸಿರು ಶಿಲೆ ಮತ್ತು ಗ್ರೇವ್ಯಾಕ್ ಜೊತೆಜೊತೆಗಿರುವುದನ್ನು ನೋಡಿದರೆ ಒತ್ತುವಿಕೆಯ ವಾದಕ್ಕೆ ಮನಸ್ಸು ವಾಲುತ್ತದೆ. ಆದರೆ 270 ಕೋಟಿ ವರ್ಷದ ಹಿಂದೆ ಫಲಕಗಳು ಇಂದಿನ ಹಾಗೆಯೇ ಚಲಿಸುತ್ತಿದ್ದವೇ ಎಂಬುದು ಇಡೀ ಭೂವಿಜ್ಞಾನದ ದೊಡ್ಡ ಪ್ರಶ್ನೆ. ಅದಕ್ಕೆ ಸಾಕ್ಷಿ ಹುಡುಕಲು ಜಗತ್ತಿನ ನಾಲ್ಕಾರು ಕಡೆಗಳಿಗೆ ಮಾತ್ರ ಹೋಗಬಹುದು. ಅದರಲ್ಲಿ ಒಂದು ನಾವು ಬುತ್ತಿ ಕಟ್ಟಿಕೊಂಡು ಹೋಗುವಷ್ಟು ಹತ್ತಿರದಲ್ಲಿದೆ.

ಚಿನ್ನದ ಮಾತು ಬಿಡುವಂತಿಲ್ಲ. ಪರ್ವತ ಕಟ್ಟುವಾಗ ಆಳದಿಂದ ಹೊರಟ ಬಿಸಿನೀರು ಬಂಡೆಯ ಬಿರುಕು, ಸೀಳುಗಳಲ್ಲಿ ಹರಿಯುತ್ತದೆ. ನೂರಾರು ಡಿಗ್ರಿ ತಾಪದ ಆ ನೀರಿನಲ್ಲಿ ಗಂಧಕದ ಜೊತೆಗೂಡಿ ಚಿನ್ನ ಕರಗಿರುತ್ತದೆ. ಮೇಲೆ ಬರುತ್ತ ತಣಿದಾಗ, ಕಬ್ಬಿಣವಿರುವ ಕಲ್ಲು ಸಿಕ್ಕಿ ಗಂಧಕ ಅದರ ಪಾಲಾದಾಗ, ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಉಳಿದುಬಿಡುತ್ತದೆ. ಆಂಡೀಸಿನ ತಾಮ್ರವೂ ಬಿಸಿನೀರಿನ ಕೊಡುಗೆಯೇ; ಚಿಲಿಯ ಎಲ್ ತೆನಿಯೆಂತೆ ಗಣಿ ಅದರಿಂದಲೇ ಬದುಕಿದೆ. ಇಲ್ಲಿ ಹಿಂದೆ ಜಲಗಾರರು ಮಳೆಗಾಲದ ಹಳ್ಳಗಳಲ್ಲಿ ಉಸುಕು ಜಾಲಾಡಿ ಚಿನ್ನದ ಕಣ ತೆಗೆಯುತ್ತಿದ್ದರು. ಸೊರಟೂರಿನ ಹಳ್ಳದ ಚಿನ್ನದ ಬಗ್ಗೆ ಫುಟ್ ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳೂ ಬಂದು ಬಾವಿ ತೋಡಿದವು, ಹೆಚ್ಚು ಕಾಲ ನಡೆಯಲಿಲ್ಲ. ಆಸೆ ಮಾತ್ರ ಇನ್ನೂ ಹೋಗಿಲ್ಲ.

ಆ ಕಾರಣಕ್ಕೇ ಈ ಗುಡ್ಡವನ್ನು ಉಳಿಸಲು ಗದಗ ಸೀಮೆಯ ಜನ ಪಟ್ಟ ಪಾಡು ದೊಡ್ಡದು. 2011ರಲ್ಲಿ ಹಳ್ಳಿಗುಡಿ ಭಾಗದಲ್ಲಿ ಬರಲಿದ್ದ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರು ತಮ್ಮ ಭೂಮಿ ಕೊಡಲೊಪ್ಪಲಿಲ್ಲ. ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಯೋಜನೆಯನ್ನು ಕೈಬಿಡಲಾಯಿತು. 2015ರಲ್ಲಿ ಸರಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, 2016ರಲ್ಲಿ ಆದೇಶ ಹಿಂಪಡೆಯಿತು. ಮತ್ತೆ ಜನ ಬೀದಿಗಿಳಿದರು; 2017ರಲ್ಲಿ ರಕ್ಷಣೆ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳಿಗೆ, ಔಷಧಿ ಸಸ್ಯಗಳಿಗೆ ಅದರಿಂದ ನೆಲೆ ಸಿಕ್ಕಿತು. ಆ ಪಟ್ಟಿಗೆ ಕಲ್ಲನ್ನೂ ಸೇರಿಸಬೇಕೆಂಬುದು ನನ್ನ ಮಾತು. ಕಾಡು ಕಡಿದರೆ ಮತ್ತೆ ಬೆಳೆಸಲು ಪ್ರಯತ್ನವನ್ನಾದರೂ ಮಾಡಬಹುದು. ಪಟ್ಟೆ ಕಬ್ಬಿಣದ ಏಣನ್ನು ತೋಡಿ ಲಾರಿಗೆ ತುಂಬಿದರೆ ಅದು ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಅದು ಹುಟ್ಟಿದ ಸಮುದ್ರವೂ ಇಲ್ಲ, ಆ ಗಾಳಿಯೂ ಇಲ್ಲ. ಮರಡಿಹಳ್ಳಿಗೆ ಸಿಕ್ಕ ಮಾನ್ಯತೆ ಇಲ್ಲಿಯ ಆಯ್ದ ಬಂಡೆಗಳಿಗೂ ಸಿಗಲಿ, ದಾರಿಯುದ್ದಕ್ಕೂ ಕನ್ನಡದಲ್ಲಿ ವಿವರದ ಫಲಕಗಳು ಬರಲಿ. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವಿದೆ, ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ; ಫಲಕಕ್ಕೆ ಬೇಕಾದ ತಿಳಿವಳಿಕೆಗೆ ದೂರ ಹೋಗಬೇಕಿಲ್ಲ.

ಹೋಗುವವರು ಮಳೆ ಹಿಂದೆ ಸರಿದ ಮೇಲೆ, ನವೆಂಬರ್‌ನಿಂದ ಡಿಸೆಂಬರ್‌ವರೆಗೆ ಹೊರಡಿ. ಬೇಸಿಗೆಯಲ್ಲಿ ನೆತ್ತಿಯ ಕಲ್ಲು ಕಾದಿರುತ್ತದೆ, ಒಣಹುಲ್ಲಿಗೆ ಬೆಂಕಿ ಬೀಳುವ ಭಯವೂ ಇರುತ್ತದೆ. ರೊಟ್ಟಿ ಬುತ್ತಿ, ಸಾಕಷ್ಟು ನೀರು ಜೊತೆಗಿರಲಿ. ಸಾಧ್ಯವಿದ್ದರೆ ಒಂದು ಭೂತಗನ್ನಡಿಯನ್ನೂ ಒಯ್ಯಿರಿ, ಕ್ಲೋರೈಟ್‌ನ ಹಾಳೆ ನೋಡಲು ಬೇಕಾಗುತ್ತದೆ. ಇದು ವನ್ಯಜೀವಿ ಧಾಮ, ಒಂದು ಕಲ್ಲನ್ನೂ ಎತ್ತಿಕೊಂಡು ಬರಬೇಡಿ. ಮರಳುವಾಗ ಡಂಬಳದ ಮೇಲೆ ಬಂದರೆ ದೊಡ್ಡಬಸಪ್ಪನ ಗುಡಿ ನೋಡಬಹುದು. ನಕ್ಷತ್ರದ ಮೂಲೆಗಳಂತೆ ಮಡಿಕೆ ಮಡಿಕೆಯಾದ ಅದರ ಗೋಡೆಗಳು ಪೂರ್ತಿ ಬಳಪದ ಕಲ್ಲಿನವು. ಬೆಳಿಗ್ಗೆ ಅಣ್ಣಿಗೇರಿಯಲ್ಲಿ ಈ ಕಲ್ಲಿನ ಮೊದಲ ಪ್ರಯೋಗ ನೋಡಿದವರಿಗೆ, ಮುಂದಿನ ಕಾಲದ ಶಿಲ್ಪಿಗಳು ಅದೇ ಕಲ್ಲಿನಿಂದ ಏನೆಲ್ಲ ಮಾಡಿಸಿದರು ಎಂಬುದು ಇಲ್ಲಿ ತಿಳಿಯುತ್ತದೆ. ಅಲ್ಲಿಂದ ಗದಗ ಇಪ್ಪತ್ತು ಕಿಲೋಮೀಟರ್ ಆಸುಪಾಸು, ರಾತ್ರಿ ಊಟಕ್ಕೆ ಹುಬ್ಬಳ್ಳಿ ಸೇರಬಹುದು.